ಕೆಟ್ಟವರಿಲ್ಲದ ಕಾರ್ಟೂನು

ಅರಳಗುಪ್ಪೆ
ಜುಲೈ ೨೦೦೪

ಜೀವಿತಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನನ್ನು ಏನೆಂದು ಕರೆಯಬೇಕು ಎಂದು ಹಾಸ್ಟೆಲಿನಿಂದ ನಿಮ್ಮಪ್ಪನಿಗೆ ಬರೆದು ಕೇಳಿದ್ದೀಯ. ಅವರು ಕಾಗದವನ್ನು ನನ್ನ ಕೈಗಿಟ್ಟು, "ನೀನೇ ಬರ್ದುಬುಡು ಕಣೇ" ಅಂದು ತೋಟಕ್ಕೆ ಹೋದರು.

ನಾನು ಈ ಮನೆಗೆ ಬಂದ ಬೇಸಿಗೆಯಲ್ಲಿ ಅವರು ತಿಪಟೂರಿನಿಂದ ಬಾಡಿಗೆಗೆ ತಂದ ಎರಡು ಕಾರ್ಟೂನ್ ಸಿ.ಡಿ. ನೆನಪಿದೆಯಾ? ಇಂಗ್ಲಿಷಿನದರಲ್ಲಿ ಕುದುರೆ, ಬಾತುಕೋಳಿ ಎಲ್ಲವೂ ಹಾಡುತ್ತಿದ್ದವು. ನೀನು ಬಿದ್ದು ಬಿದ್ದು ನಗುತ್ತಿದ್ದೆ. ಆ ಕಥೆಯ ಮಲತಾಯಿ ಬಾಗಿಲಿಗೆ ಬಂದ ಕೂಡಲೇ ಸಂಗೀತವೇ ಬದಲಾಯಿತು. ನಾನು ಒಲೆ ನೋಡಿ ಬರುತ್ತೇನೆಂದು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಜಪಾನಿನದರಲ್ಲಿ ಕೆಟ್ಟವರೇ ಇರಲಿಲ್ಲ. ಅಲ್ಲಿಯೂ ಮನೆಗೆ ಹೊಸದಾಗಿ ಒಬ್ಬ ಹೆಂಗಸು ಬಂದಿದ್ದಳು. ಅವಳು ಹಣ್ಣು ಸುಲಿದು ಒಣಗಲೆಂದು ಸೂರಿಗೆ ನೇತುಹಾಕುತ್ತಾಳೆ, ಹುಡುಗಿ ದೂರದಿಂದ ನೋಡುತ್ತಾಳೆ, ಗಾಳಿ ಬೀಸುತ್ತದೆ. "ಏನೂ ಆಗ್ತಾನೇ ಇಲ್ವಲ್ಲ" ಅಂದು ನಿಮ್ಮಪ್ಪ ಮಲಗಿಬಿಟ್ಟರು. ಅಟ್ಟದ ತೆಂಗಿನಕಾಯಿ ತಾನಾಗಿ ಒಣಗಿ ಕೊಬ್ಬರಿಯಾಗಲಿ ಎಂದು ವರ್ಷವಿಡೀ ಸುಮ್ಮನಿರುವ ಮನುಷ್ಯನಿಗೆ ಅಷ್ಟು ಹೊತ್ತು ಕೂರಲು ಆಗಲಿಲ್ಲ. ನಾವಿಬ್ಬರೇ ಪೂರ್ತಿ ನೋಡಿದೆವು. ಕೊನೆಗೆ ಆ ಹುಡುಗಿ ಒಂದು ಮಾತೂ ಆಡದೆ ಬಾಚಣಿಗೆ ತಂದುಕೊಟ್ಟು, ಆ ಹೆಂಗಸಿಗೆ ಬೆನ್ನು ಮಾಡಿ ಕೂತಳು.

ಮಾರನೆಯ ಬೆಳಿಗ್ಗೆ ನೀನೂ ಹಾಗೆಯೇ ಬಂದು ಕೂತೆ.

ಕರೆಯುವುದಕ್ಕೆ ಅವಸರವೇನಿಲ್ಲ. ಗೌರಿ ಹಬ್ಬಕ್ಕೆ ಬರುವಾಗ ಬಾಚಣಿಗೆ ತರಬೇಡ, ನಿನ್ನದು ಇಲ್ಲಿಯೇ ಇದೆ. ಕೊಬ್ಬರಿ ಎಣ್ಣೆಯನ್ನೂ ಹೊಸದಾಗಿ ಆಡಿಸಿಟ್ಟಿದ್ದೇನೆ.

ಸರ್ವಮಂಗಳ