ಇನ್ನೊಬ್ಬರು ಕಟ್ಟಬೇಕಾದ ಹಗ್ಗ

ಏಪ್ರಿಲ್ 28, ಭಾನುವಾರ

ಮತ್ತೆ ಅರ್ಧ ದಿನ ಗ್ಯಾರೇಜಿನಲ್ಲೇ. ಹಸಿರು ದೋಣಿ ಮೋಟಾರನ್ನು ನೀರಿನ ಡ್ರಮ್ಮಿಗೆ ಸಿಕ್ಕಿಸಿ, ಚಾಲೂ ಮಾಡುವ ದಾರ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು. ಕೊನೆಗೆ ಕೆಮ್ಮಿತು, ಹೊಗೆ ಉಗುಳಿತು, ಓಡಿತು. 1937ರದು. ನನಗಿಂತ ಹಿರಿಯದು, ಹಟವೂ ನನಗಿಂತ ಒಂದು ಕೈ ಹೆಚ್ಚು.

ಕ್ಲಬ್ಬಿಗೆ ಈ ವರ್ಷ ಐವತ್ತು. ಚರಿತ್ರೆ ಬರೆಯೋಣ ಅಂತ ಕೂತೆ. "1974ರಲ್ಲಿ ಮರ್ಲ್ ಟಾಲೆಫ್‌ಸನ್ ಮತ್ತು ಡ್ವೇನ್ ಫ್ಲೂಗರ್ ಉತ್ತರ ವಿಸ್ಕಾನ್ಸಿನ್ನಿನ ಹಳೆಯ ದೋಣಿ ಮೋಟಾರು ಸಂಗ್ರಾಹಕರನ್ನು ಒಟ್ಟುಗೂಡಿಸಿದರು." ಅಲ್ಲಿಗೇ ನಿಂತಿತು. ಯಾರು ಓದುತ್ತಾರೆ? ಮರ್ಲ್, ನನ್ನ ಗಂಡ, ಹೋಗಿ ಮೂರು ವರ್ಷ. ಕೊನೆಗುಳಿದಿದ್ದ ಸದಸ್ಯ ವಾಲ್ಟ್ ಈ ಫೆಬ್ರವರಿಯಲ್ಲಿ ಹೋದ. ಈಗ ಕ್ಲಬ್ಬೆಂದರೆ ನಾನು. ಅಧ್ಯಕ್ಷೆಯೂ ನಾನೇ, ಕಾಫಿ ಕಾಸುವವಳೂ ನಾನೇ.

ಮೇ 3, ಶುಕ್ರವಾರ

ಮೀನೂಟದ ದಿನ. ಹೋಟೆಲಿನ ಹುಡುಗಿ "ಒಬ್ರೇನಾ?" ಅಂತ ಇವತ್ತೂ ಕೇಳಿದಳು. ಪ್ರತಿ ಶುಕ್ರವಾರ ಕೇಳುತ್ತಾಳೆ. ಒಮ್ಮೆಯಾದರೂ ಕೇಳದೆ ತಟ್ಟೆ ಇಟ್ಟರೆ ಇವಳ ಗಂಟೇನು ಹೋಗುತ್ತದೆ?

ಮೀನಿನ ಗಾಳ ಮಾರುವ ಲೋರ್ನಾ ಬಂದು ಎದುರಿಗೆ ಕೂತಳು.

"ಈ ಜೂನ್‌ನಲ್ಲೂ ಕೆರೆಗೆ ಇಳಿಸ್ತೀಯೇನೇ ಆ ಗಲಾಟೆ ಪೆಟ್ಟಿಗೇನ?"

ಇಳಿಸಲೇಬೇಕು ಅಂದೆ. ಒಂದು ಮೋಟಾರಾದರೂ ಕೆರೆಯಲ್ಲಿ ಓಡಿದರೇ ಅದು ಸಭೆ; ಒಂದು ಜೂನ್ ಸಭೆ ತಪ್ಪಿದರೂ ಕ್ಲಬ್ ಮುಚ್ಚಬೇಕು, ಮೋಟಾರುಗಳೆಲ್ಲ ಹರಾಜಿಗೆ. ಮರ್ಲನೇ ಮಾಡಿಟ್ಟ ನಿಯಮ. ಸೋಮಾರಿಗಳನ್ನು ಹೆದರಿಸಲು ಮಾಡಿದ್ದು, ಈಗ ನನ್ನ ಕುತ್ತಿಗೆಗೆ ಬಂದಿದೆ. ಇನ್ನೊಂದು ನಿಯಮವಂತೂ ಇನ್ನೂ ಕೆಟ್ಟದ್ದು. ಮೋಟಾರನ್ನು ದೋಣಿಗೆ ಬಿಗಿದ ಮೇಲೆ, ಜಾರಿ ಬಿದ್ದರೂ ಮುಳುಗದಿರಲಿ ಅಂತ ಒಂದು ಹಗ್ಗ ಕಟ್ಟುತ್ತೇವೆ. ಆ ಹಗ್ಗವನ್ನು ಓಡಿಸುವವರು ತಾವೇ ಕಟ್ಟಿಕೊಳ್ಳುವಂತಿಲ್ಲ, ಇನ್ನೊಬ್ಬ ಸದಸ್ಯರೇ ಕಟ್ಟಬೇಕು. ಎರಡನೇ ವರ್ಷ ಮರ್ಲ್ ತಾನೇ ಕಟ್ಟಿದ್ದ, ಕಲ್ಲಿನಂಥ ಗಂಟು ಅಂತ ಕೊಚ್ಚಿಕೊಂಡಿದ್ದ. ಮೋಟಾರು ಈಗಲೂ ಕೆರೆಯ ತಳದಲ್ಲಿದೆ. ತನ್ನ ಕೈಯ ಗಂಟು ತನಗೆ ಯಾವಾಗಲೂ ಗಟ್ಟಿಯಾಗಿಯೇ ಕಾಣುತ್ತದೆ.

"ನೀನೇ ಸದಸ್ಯೆ ಆಗೇ, ಒಂದು ಗಂಟು ಹಾಕ್ಕೊಡು," ಅಂದೆ.

"ಅಯ್ಯೋ, ನನ್ ಮೀನೆಲ್ಲ ಓಡ್ಸೋರ ಸಂಘಕ್ಕೆ ನಾನೇ ಸೇರ್ಲಾ? ಬೇರೆ ಯಾರೂ ಇಲ್ವೇನೇ ನಿಂಗೆ?"

ಇದ್ದಾನೆ ಒಬ್ಬ. ಹೇಳಲಿಲ್ಲ.

ಮೇ 5

ಡ್ವೇನ್. ಕ್ಲಬ್ ಬಿಟ್ಟು ಇಪ್ಪತ್ತಾರು ವರ್ಷ. ಅವನ ಹೆಸರನ್ನು ಮರ್ಲ್ ಹೊಡೆದುಹಾಕಲೇ ಇಲ್ಲ. ಹಾಗಾಗಿ ಈಗಲೂ ಸದಸ್ಯನೇ.

ಜಗಳದ್ದೂ ಚರಿತ್ರೆಯಲ್ಲಿ ಬರೆಯಬೇಕಲ್ಲ. ಈ ಹಸಿರು ಮೋಟಾರನ್ನು ಅವರಿಬ್ಬರೂ ಸೇರಿ ಒಂದು ದನದ ಕೊಟ್ಟಿಗೆಯಿಂದ ಎಳೆದು ತಂದಿದ್ದರು. ಮಾಸಿದ ಲೋಹ, ಕಾರ್ಖಾನೆಯವರು ಅಂಟಿಸಿದ ಚೀಟಿ ಅರ್ಧ ಉಳಿದಿತ್ತು. ಅದನ್ನು ಮುಟ್ಟಬಾರದು ಅಂತ ಡ್ವೇನ್. ಒಂದು ಚಳಿಗಾಲ ಮರ್ಲ್ ಉಜ್ಜಿ, ತೊಳೆದು, ಹೊಳೆಯುವ ಹಸಿರು ಬಳಿದ. ಕೇಳಲಿಲ್ಲ. ಗೆಳೆಯ ಖುಷಿಪಡುತ್ತಾನೆ ಅಂದುಕೊಂಡಿದ್ದ, ಪುಣ್ಯಾತ್ಮ. ಡ್ವೇನ್ ನೋಡಿದ, ಟೋಪಿ ತೆಗೆದುಕೊಂಡ, ಹೋದ. ಅರ್ಧ ಕ್ಲಬ್ ಅವನ ಹಿಂದೆ ಹೋಯಿತು. ಬಣ್ಣದವರು ಒಂದು ಕಡೆ, ತುಕ್ಕಿನವರು ಒಂದು ಕಡೆ. ಒಬ್ಬರ ಸಾವಿಗೂ ಇನ್ನೊಬ್ಬರು ಹೋಗಲಿಲ್ಲ.

ಹೊರಗಿನವರಿಗೆ ನಗು ಬರಬಹುದು. ನನಗೆ ಬರುವುದಿಲ್ಲ.

ಮೇ 12, ಸಂಜೆ

ಫೋನ್ ಮಾಡಿದೆ. ಡ್ವೇನೇ ಎತ್ತಿದ.

"ಆರ್ಲಿಸ್ ಮಾತಾಡ್ತಿರೋದು."

"ಮರ್ಲ್ ವಿಷಯ ಗೊತ್ತಾಯ್ತು. ಬರೋಕಾಗ್ಲಿಲ್ಲ."

ಜೂನ್ ಸಭೆಯ ವಿಷಯ ಹೇಳಿದೆ. ಒಂದು ಹಗ್ಗ ಕಟ್ಟಿಕೊಟ್ಟು ಹೋಗಿಬಿಡು, ಸಾಕು ಅಂದೆ.

"ಯಾವ ಮೋಟಾರು?"

ಸುಳ್ಳು ಹೇಳಬಹುದಿತ್ತು. "ಅದೇ," ಅಂದೆ.

"ನಾನು ಬರಲ್ಲ ಕಣೇ." ಇಟ್ಟುಬಿಟ್ಟ.

ಜೂನ್ 8, ಶನಿವಾರ

ಏನೂ ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ಹರಾಜಿನವನು ಬಂದಿದ್ದ. ಒಳ್ಳೆಯ ಹುಡುಗ. ಒಂದೊಂದನ್ನೇ ನೋಡಿದ, ಗೌರವದಿಂದಲೇ. ಅವನ ಟ್ರಕ್ ಹೋದ ಮೇಲೆ ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಮರ್ಲ್ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ಆಗ ಮನೆ ತುಂಬ ಜನ ಇದ್ದರು.

ಜೂನ್ 19

ಬೆಳಿಗ್ಗೆ ಫೋನ್. ಡ್ವೇನ್. ಮುನ್ನುಡಿಯಿಲ್ಲ.

"ಕಾರು ಓಡ್ಸೋ ಹಾಗಿಲ್ಲ ನಾನು. ಕಣ್ಣು ಹೋಗಿದೆ. ಬೆಳಕು ಕತ್ತಲೆ ಗೊತ್ತಾಗುತ್ತೆ, ಅಷ್ಟೇ. ಅವತ್ತು ಹೇಳೋಕೆ ನಾಚ್ಕೆ ಆಯ್ತು."

"ಮೊದ್ಲೇ ಹೇಳೋಕೆ ಏನಾಗಿತ್ತೋ ನಿಂಗೆ! ನಾನು ಇಲ್ಲಿ ಬಣ್ಣದ ಸಿಟ್ಟು ಅಂದ್ಕೊಂಡು—"

"ಅದೂ ಇದೆ," ಅಂದ. "ಅದು ಬೇರೆ. ನಮ್ಮ ಮನೆ ಮುಂದೂ ಒಂದು ಕೆರೆ ಇದೆ ಕಣೇ. ನಿಯಮದಲ್ಲಿ ಕೆರೆ ಹೆಸರೇನಾದ್ರೂ ಬರ್ದಿದ್ದೀವಾ?"

ನೋಡಿದೆ. ಬರೆದಿಲ್ಲ.

ಜೂನ್ 29, ಶನಿವಾರ. ಡ್ವೇನನ ಜಗಲಿ

ಊಟಕ್ಕೆ ಅವನೇ ಸಾಸೇಜ್ ಸುಡುತ್ತಿದ್ದಾನೆ, ನನ್ನನ್ನು ಹತ್ತಿರ ಬಿಡುತ್ತಿಲ್ಲ. ಅಷ್ಟರಲ್ಲಿ ಬರೆದಿಡುತ್ತೇನೆ.

ದೋಣಿಕಟ್ಟೆಯ ಮೇಲೆ ಮಂಡಿಯೂರಿ, ನಾನು ತಂದು ದೋಣಿಗೆ ಬಿಗಿದ ಮೋಟಾರನ್ನು ಮುಟ್ಟಿ ನೋಡಿದ. ಮೇಲಿಂದ ಕೆಳಗೆ, ನಿಧಾನ.

"ಇನ್ನೂ ಆ ದರಿದ್ರ ಹಸಿರೇನಾ?"

"ಹೌದು."

"ಕಣ್ಣು ಹೋಗಿದ್ದೂ ಒಳ್ಳೇದೇ ಆಯ್ತು ಬಿಡು." ಬಣ್ಣವನ್ನು ಉಗುರಿನಿಂದ ಕೆರೆದ, "ಹಾಳು ಮಾಡ್ಬಿಟ್ಟ ಕಣೇ. ಎಂಥಾ ಮೋಟಾರು. ಎಂಥಾ ಗೆಳೆಯ." ಕ್ಷಮಿಸಿದ್ದೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಹಗ್ಗ ಕಟ್ಟಿದ. ಎಳೆದು ನೋಡಿದ. ಬಿಚ್ಚಿ, ಮತ್ತೆ ಕಟ್ಟಿದ.

ಎರಡನೇ ಎಳೆತಕ್ಕೇ ಹೊತ್ತಿಕೊಂಡಿತು! ಕಟ್ಟೆಯಿಂದ ಅವನು ಹೋ ಅಂತ ಕೂಗಿದ. ಕೆರೆಯ ನಡುವಿಗೆ ಹೋದೆ. ಗಾಳಿ, ಹೊಗೆ, ಆ ಹಳೆಯ ಎಣ್ಣೆಯ ವಾಸನೆ. ಎಷ್ಟು ವರ್ಷದ ಮೇಲೆ ಇಷ್ಟು ಸಂತೋಷ. ತಿರುಗಿ ನೋಡಿದರೆ ಡ್ವೇನ್ ಟೋಪಿ ಬೀಸುತ್ತಿದ್ದಾನೆ. ಆದರೆ ನನ್ನ ಕಡೆಗಲ್ಲ. ಆಚೆ ದಡದ ಪೈನ್ ಮರಗಳ ದಿಬ್ಬಕ್ಕೆ ಬಡಿದು ಸದ್ದು ಅವನಿಗೆ ಎಡಗಡೆಯಿಂದ ಕೇಳಿಸುತ್ತಿರಬೇಕು. ಅತ್ತ ಮುಖ ಮಾಡಿ, ಬಾಯಿ ತುಂಬ ನಗುತ್ತ, ಬರೀ ನೀರಿಗೆ ಟೋಪಿ ಬೀಸುತ್ತಿದ್ದ.

ಕೂಗಿದೆ. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮೋಟಾರು ನಿಲ್ಲಿಸಿದರೆ ಮತ್ತೆ ಹೊತ್ತೀತೋ ಇಲ್ಲವೋ. ನಿಲ್ಲಿಸಲಿಲ್ಲ. ಅವನು ಟೋಪಿ ಬೀಸುತ್ತಿದ್ದ ಕಡೆಗೇ ದೋಣಿ ತಿರುಗಿಸಿದೆ, ಅಲ್ಲಿಗೆ ಹೋಗಿ, ಅವನ ಟೋಪಿಯ ಎದುರಿಗೇ ಬಂದು ನಾನೂ ಕೈ ಬೀಸಿದೆ. ಕರೆಯುತ್ತಿದ್ದಾನೆ, ಸಾಸೇಜ್ ಆಯಿತಂತೆ.