ಬಾಲದವನು ಬರುವ ತನಕ

ಕೈ ಮುರಿದ ಕೈಕಂಬದ ಬುಡ,
ಭಾನುವಾರ, ಮಧ್ಯಾಹ್ನ ಹನ್ನೆರಡೂ ಕಾಲು

ನನ್ನ ಪುಟ್ಟಿಗೆ,

ಅಮ್ಮನ ನೆನಪುಗಳು. ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕಿತ್ತು. ಆದರೆ ಅಕ್ಷರ ನೋಡಿದರೇ ನಿನಗೆ ಗೊತ್ತಾಗುತ್ತದೆ, ಹಾಗಾಗಿ ನಿಜ ಹೇಳಿಬಿಡುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ.

ಕಾಗದ ತಿರುಗಿಸಿ ನೋಡು, ನೀನು ಕೆಲಸ ಮಾಡುವ ವಾರ್ಡಿನ ಕೂಸಿನ ಪಾದದ ಚಿತ್ರವಿದೆ. ದಾರಿಯಲ್ಲಿ ಹಂಚಲು ಕೊಟ್ಟ ಕರಪತ್ರಗಳಲ್ಲಿ ಮಿಕ್ಕವು. ಪೆನ್ಸಿಲ್ ನಮ್ಮ ಅಂಗಡಿಯದು, ಗಾಡಿಗಳ ಸೀಟು ಹೊಲಿಯುವಾಗ ರೆಕ್ಸಿನ್ ಮೇಲೆ ಗುರುತು ಹಾಕುವುದು. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ನೀನು ಸ್ಕೂಲಿಗೆ ಹೋಗುವಾಗ ಊಟದ ಡಬ್ಬಿಯಲ್ಲಿ ಚೀಟಿ ಇಡುತ್ತಿದ್ದೆನಲ್ಲ, ಬೆಳಿಗ್ಗೆ ಬೈದದ್ದಕ್ಕೆ ಮಧ್ಯಾಹ್ನ ಸಮಾಧಾನ ಹೇಳಲು. ಎದುರಿಗೆ ಹೇಳಲಾಗದ್ದನ್ನು ಬರೆಯುವ ಚಾಳಿ ಅಲ್ಲಿಂದಲೇ ಬಂದದ್ದು. ಎರಡು ವರ್ಷದಿಂದ ನಮ್ಮಿಬ್ಬರ ಮಾತು "ಊಟ ಆಯ್ತಾ", "ಆಯ್ತು" ಎಂಬಲ್ಲಿಗೆ ನಿಂತಿದೆ. ತಪ್ಪು ನನ್ನದೇ. ಮದುವೆಯ ದಿನ ನಿನ್ನ ಗಂಡ ಮುಕ್ಕಾಲು ಗಂಟೆ ತಡವಾಗಿ ಬಂದಾಗ ನಾಲ್ಕು ಜನರ ಮುಂದೆ ಅಂದೆ, ಇವನು ಬೇಕಾದ ಹೊತ್ತಿಗೆ ಯಾವತ್ತೂ ಬರುವವನಲ್ಲ, ಬರೆದಿಟ್ಟುಕೋ ಎಂದು. ನೀನು ಬರೆದೇ ಇಟ್ಟುಕೊಂಡೆ.

ಈ ಸಲದ ಬೈಕ್ ಸವಾರಿಗೆ ನಾನು ಹೊರಟದ್ದು ನಿನಗೆ ಗೊತ್ತಿಲ್ಲ. ಸಂಜೆ ಎಲ್ಲರ ಜೊತೆ ನಿನ್ನ ಆಸ್ಪತ್ರೆಯ ಗೇಟಿನಲ್ಲಿ ಬಂದಿಳಿದು ನಿನ್ನನ್ನು ಬೆಚ್ಚಿಬೀಳಿಸಬೇಕು ಎಂಬುದು ನಿನ್ನ ಗಂಡನ ಉಪಾಯ. ನಮ್ಮ ಅಂಗಡಿಗೆ ಎದುರೇ ಅವನ ನಂಬರ್ ಪ್ಲೇಟ್ ಬರೆಯುವ ಅಂಗಡಿ ಅಲ್ಲವೇ, ಒಂದು ತಿಂಗಳು ಬೀದಿ ದಾಟಿ ಬಂದು ಬಂದು ತಲೆ ತಿಂದ. "ಇಷ್ಟೊಂದು ಗಾಡಿಗಳಿಗೆ ಸೀಟು ಹೊಲಿದೋರು ನೀವು, ಒಂದ್ಸಲ ಅವುಗಳ ಜೊತೆ ನೀವೂ ಬರ್ಬೇಡ್ವಾ ಅತ್ತೆ" ಅಂದ. ಒಬ್ಬೊಬ್ಬ ಸವಾರನ ಹಿಂದೆಯೂ ಮೈಲಿಗಿಷ್ಟೆಂದು ದುಡ್ಡು ಕೊಡಲು ಒಪ್ಪಿದವರಿದ್ದಾರೆ. ನನ್ನ ಹೆಸರಿಗೆ ನಮ್ಮ ಬೀದಿಯ ಇಸ್ತ್ರಿಯವಳು ಮತ್ತು ನಿನ್ನ ಹಳೇ ಟೀಚರು ಇದ್ದಾರೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಆ ದುಡ್ಡಿನಲ್ಲಿ ನಿನ್ನ ವಾರ್ಡಿಗೆ ಬರುತ್ತದೆ ಎಂದ ಮೇಲೆ ನಾನು ಹೇಗೆ ಬೇಡ ಅನ್ನಲಿ?

ಗುಂಪು ಸವಾರಿಯ ಪದ್ಧತಿ ನಿನಗೆ ಗೊತ್ತಿದ್ದದ್ದೇ, ಹೋದ ವರ್ಷ ನೀನೇ ಹೋಗಿದ್ದವಳು. ಆದರೂ ಬರೆಯುತ್ತೇನೆ, ಬರೆದರೆ ನನಗೆ ಸ್ವಲ್ಪ ಧೈರ್ಯ. ಎಲ್ಲರಿಗಿಂತ ಮುಂದೆ ಹಲ್ಲಿನ ಡಾಕ್ಟರು. ದಾರಿ ಕವಲೊಡೆದ ಕಡೆಯೆಲ್ಲ ಅವರು ತಮ್ಮ ಹಿಂದಿನ ಸವಾರನನ್ನು ನಿಲ್ಲಿಸಿ ಮುಂದೆ ಹೋಗುತ್ತಾರೆ. ನಿಂತವರು ಗಾಡಿಯ ಮೂತಿಯನ್ನು ಸರಿಯಾದ ದಾರಿಗೆ ತಿರುಗಿಸಿಟ್ಟು, ಹಿಂದೆ ಬರುವ ಪ್ರತಿಯೊಬ್ಬರಿಗೂ ಕೈ ತೋರಿಸಬೇಕು. ಕಟ್ಟಕಡೆಗೆ ಹಳದಿ ಜಾಕೆಟ್ಟಿನ ಬಾಲದವನು ಬಂದು ಕೈ ಎತ್ತಿದ ಮೇಲೇ ಬಿಡುಗಡೆ. ಅಲ್ಲಿಯ ತನಕ ಆಕಾಶ ಕಳಚಿ ಬಿದ್ದರೂ ಕದಲುವಂತಿಲ್ಲ. ಹೇಗೂ ಕೊನೆಗೇ ಬರುವವನು, ಅದನ್ನೇ ಕೆಲಸ ಮಾಡಿಕೊಳ್ಳಲಿ ಎಂದು ಗುಂಪಿನವರು ಆ ಜಾಕೆಟ್ಟನ್ನು ನಿನ್ನ ಗಂಡನಿಗೇ ತೊಡಿಸಿದ್ದಾರೆ.

ನನ್ನನ್ನು ಈ ಕವಲಿಗೆ ಹಾಕಿಸಿದವನೂ ಅವನೇ. ಬಲಕ್ಕೆ ಹೋದರೆ ಗುಡ್ಡ ಸುತ್ತಿ ಊಟದ ಜಾಗ. ಎಡಕ್ಕೆ ಹೋದರೆ ಹಳ್ಳ, ಹೋದ ಮಳೆಗೆ ಅರ್ಧ ಕುಸಿದ ಸೇತುವೆ. ಎಚ್ಚರಿಕೆಯ ಹಲಗೆಯನ್ನು ಯಾರೋ ಕಿತ್ತೊಯ್ದಿದ್ದಾರೆ, ದಾರಿ ತೋರುವ ಕೈಕಂಬದ ಎಡಗೈಯೂ ಮುರಿದುಬಿದ್ದಿದೆ. ಬೆಳಿಗ್ಗೆ ಚಹಾ ಕುಡಿಯುವಾಗ ಡಾಕ್ಟರಿಗೆ ಹೇಳಿದ, "ಅಲ್ಲಿಗೆ ನಮ್ಮತ್ತೇನೇ ಸರಿ. ಅವ್ರು ನಿಂತ್ರೆ ಕಂಬ ನಿಂತ ಹಾಗೆ." ನನಗೆ ಒಳಗೊಳಗೇ ಹಿಗ್ಗಾಯಿತು. ಮುಖದಲ್ಲಿ ತೋರಿಸಲಿಲ್ಲ, ಅವನ ಎದುರು ಹೇಗೆ ತೋರಿಸುವುದು.

ಹೆಲ್ಮೆಟ್ಟಿನೊಳಗೆ ಎಲ್ಲರ ಮುಖವೂ ಒಂದೇ. ನಾನು ಸೀಟು ನೋಡಿ ಗುರುತಿಸಿದೆ. ಕೆಂಪು ಅಂಚಿಗೆ ಎರಡು ಹೊಲಿಗೆ ಹಾಕಿಸಿಕೊಂಡದ್ದು ಬ್ಯಾಂಕಿನವಳು, ನಡುವೆ ತಗ್ಗು ಮಾಡಿಸಿಕೊಂಡದ್ದು ಬೆನ್ನುನೋವಿನ ಪ್ಲಂಬರು. ಒಬ್ಬೊಬ್ಬರು ಹೋದ ಹಾಗೆ ಕರಪತ್ರದ ಅಂಚಿನಲ್ಲಿ ಗೀಟು ಎಳೆದೆ. ಹನ್ನೊಂದೂ ಹತ್ತಕ್ಕೆ ಬೇಕರಿಯವನು ಬಂದು ಗಾಡಿ ನಿಧಾನ ಮಾಡಿ ಕೂಗಿದ, "ನಂದೇ ಕೊನೇದು ಅಕ್ಕಾ. ಚೈನ್ ಕಳಚಿತ್ತು, ಬಾಲದವ್ನು ಹಾಕ್ಕೊಟ್ಟ. ಕೈ ಒರೆಸ್ಕೊಳ್ತಿದ್ದಾನೆ, ಹಿಂದೇನೇ ಬರ್ತಾನೆ." ಆಮೇಲೆ ಯಾರೂ ಬರಲಿಲ್ಲ. ಗಂಟೆಯ ಮೇಲಾಯಿತು.

ಹಾಡಹಗಲು ಇಷ್ಟು ಹೆದರಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಿಸಿಲು ನೆತ್ತಿಗೆ ಬಂದಿದೆ, ನೆರಳು ಕಾಲ ಕೆಳಗೆ ಸೇರಿಕೊಂಡಿದೆ. ಒಂದು ನರಪಿಳ್ಳೆಯ ಸುಳಿವಿಲ್ಲ. ಗಾಳಿಗೆ ಒಣಗಿದ ಎಲೆ ರಸ್ತೆಯ ಮೇಲೆ ಜರುಗಿದರೂ ಎದೆ ಧಸಕ್ಕೆನ್ನುತ್ತದೆ. ದೂರದಲ್ಲಿ ಗಾಡಿಯ ಸದ್ದು ಕೇಳಿತೆಂದು ನಾಲ್ಕು ಸಲ ಎದ್ದು ನಿಂತೆ, ನಾಲ್ಕು ಸಲವೂ ಅದು ನನ್ನ ಕಿವಿಯೊಳಗಿನ ಸದ್ದು.

ಒಂದು ಗಂಟೆಗೆ ಐದು ನಿಮಿಷ

ಪುಟ್ಟಿ, ಮೇಲೆ ಬರೆದದ್ದನ್ನು ಓದಿ ನೋಡಿದೆ. ಆಮೇಲೆ ಯಾರೂ ಬರಲಿಲ್ಲ ಎಂದಿದ್ದೇನೆ. ಅದು ಸುಳ್ಳು.

ಬೆಳಿಗ್ಗೆ ಎರಡು ಲೋಟ ಚಹಾ ಕುಡಿದಿದ್ದೆ. ಐವತ್ತಾರು ವರ್ಷದ ದೇಹ, ಎಷ್ಟು ಹೊತ್ತು ಗದರಿಸಿ ಕೂರಿಸಲಿ? ಬೇಕರಿಯವನು ಅತ್ತ ಹೋದ ಮೇಲೆ ಯೋಚಿಸಿದೆ. ಹಿಂದೇನೇ ಬರುತ್ತಾನೆ ಎಂದರೆ ನಿನ್ನ ಗಂಡನ ಗಡಿಯಾರದಲ್ಲಿ ಅರ್ಧ ಗಂಟೆ. ಐದು ನಿಮಿಷದಲ್ಲಿ ಹೋಗಿ ಬಂದರಾಯಿತು. ರಸ್ತೆಯ ಪಕ್ಕ ದೊಡ್ಡ ಬಂಡೆಯೊಂದಿದೆ. ಒಂಟಿ ಗಾಡಿ ನಿಂತದ್ದು ಕಂಡರೆ ಯಾರಾದರೂ ಅದರ ಒಡತಿಯನ್ನು ಹುಡುಕಿಕೊಂಡು ಬಂದಾರೆಂದು ಗಾಡಿಯನ್ನೂ ಬಂಡೆಯ ಹಿಂದಕ್ಕೆ ತಳ್ಳಿಕೊಂಡು ಹೋದೆ. ಕಂಬ ನಿಂತ ಹಾಗೆ ನಿಲ್ಲುವವಳು ಕವಲನ್ನು ಬಟ್ಟಬರಿದು ಬಿಟ್ಟು ಹೋದೆ.

ಆಗಲೇ ಒಂದು ಗಾಡಿ ಬಂತು. ಕವಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಹೋಯಿತು. ಗಾಳಿ ಜೋರಾಗಿತ್ತು. ಯಾರೆಂದು ಗೊತ್ತಾಗಲಿಲ್ಲ, ಯಾವ ಕಡೆ ಹೋಯಿತೆಂದೂ ಗೊತ್ತಾಗಲಿಲ್ಲ. ಬಟ್ಟೆ ಸರಿಮಾಡಿಕೊಂಡು ಗಾಡಿ ತಳ್ಳಿಕೊಂಡು ಬರುವಷ್ಟರಲ್ಲಿ ಧೂಳೂ ಅಡಗಿತ್ತು.

ಅವನಾಗಿದ್ದರೆ ಬಲಕ್ಕೇ ಹೋಗಿರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ದಾರಿಯುದ್ದಕ್ಕೂ ಬಾಣದ ಗುರುತು ಬರೆದವನು ಅವನು, ಕಣ್ಣಿಗೆ ಬಟ್ಟೆ ಕಟ್ಟಿದರೂ ದಾರಿ ತಪ್ಪುವವನಲ್ಲ. ಊಟದ ಜಾಗದಲ್ಲಿ ನಾನಿಲ್ಲದ್ದು ನೋಡಿ ವಾಪಸು ಬರುತ್ತಾನೆ. ಇನ್ಯಾರೋ ದಾರಿಹೋಕರಾಗಿದ್ದರೆ ಅವನು ಇನ್ನೂ ಬರಬೇಕು, ಆಗಲೂ ನಾನು ಇಲ್ಲೇ ಇರಬೇಕು. ಹೇಗೆ ನೋಡಿದರೂ ಕಾಯುವುದೇ ಸರಿ ಎಂದು ಕೂತೆ. ಮುಂದೆ ಹೋದವರಿಗೂ ಗಾಬರಿಯಾಗುವುದಿಲ್ಲ. ಬಾಲದವನು ಬಂದಿಲ್ಲವೆಂದರೆ ಎಲ್ಲರೂ ನಕ್ಕು ಇನ್ನೊಂದು ಲೋಟ ಚಹಾ ಹೇಳುತ್ತಾರೆ, ಅಷ್ಟೇ.

ಆದರೆ ನಿಜ ಅದಲ್ಲ. ನಿಜ ಏನೆಂದರೆ, ಎಡಗಡೆಯ ದಾರಿಯನ್ನು ನೋಡಲು ನನಗೆ ಧೈರ್ಯವಿಲ್ಲ. ಅಷ್ಟು ಹೊತ್ತಿನಿಂದಲೂ ಬಲಕ್ಕೆ ಮುಖ ಮಾಡಿಯೇ ಕೂತಿದ್ದೇನೆ. ಇಪ್ಪತ್ತು ಹೆಜ್ಜೆ ನಡೆದರೆ ಡಾಂಬರು ಮುಗಿದು ಮಣ್ಣು ಶುರುವಾಗುತ್ತದೆ. ಯಾರಾದರೂ ಆ ಕಡೆ ಹೋಗಿದ್ದರೆ ಮಣ್ಣಿನಲ್ಲಿ ಗೊತ್ತಾಗುತ್ತದೆ. ಇಪ್ಪತ್ತೇ ಹೆಜ್ಜೆ. ಅದನ್ನು ಬಿಟ್ಟು ಕಾಗದ ಬರೆಯುತ್ತಿದ್ದೇನೆ, ನೋಡು ನಿನ್ನಮ್ಮನ ಶೌರ್ಯ.

ಒಂದೂ ಹತ್ತು

ಹೋಗಿ ನೋಡಿ ಬಂದೆ. ಮಣ್ಣಿನಲ್ಲಿ ಒಂದು ಗಾಡಿಯ ಗಾಲಿಯ ಗುರುತಿದೆ. ಹೊಸದು. ಕೆಳಗೆ ಹೋದದ್ದಿದೆ, ಮೇಲೆ ಬಂದದ್ದಿಲ್ಲ.

ಈಗ ನಾನು ಎಡಕ್ಕೆ ಇಳಿಯುತ್ತೇನೆ. ಈ ಕಾಗದವನ್ನು ಕೈಕಂಬಕ್ಕೆ ಕಟ್ಟಿ ಹೋಗುತ್ತೇನೆ. ನಾನು ಮೇಲೆ ಬರದಿದ್ದರೆ ಯಾರಾದರೂ ಇದನ್ನು ಓದಿ ಕೆಳಗೆ ಬರಲಿ. ಓದಿದವರೇ, ಸೇತುವೆ ಇಲ್ಲ, ನಿಧಾನ ಬನ್ನಿ. ಆಮೇಲೆ ಇದನ್ನು ಆಸ್ಪತ್ರೆಯ ಕೂಸುಗಳ ವಾರ್ಡಿನಲ್ಲಿರುವ ನನ್ನ ಮಗಳಿಗೆ ತಲುಪಿಸಿ. ಪುಟ್ಟಿ, ಕೆಳಗಿರುವುದು ಯಾರೋ ಆಗಿರಲಿ, ಅವನಾಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಇನ್ನೊಬ್ಬರ ಮನೆಯವನು ಬಿದ್ದಿರಲಿ ಎಂದು ಬೇಡುವುದು ಎಂಥ ಪಾಪ ಎಂದು ಗೊತ್ತಿದ್ದೂ ಬೇಡುತ್ತಿದ್ದೇನೆ.

ಹೆದರಿಕೊಂಡೇ ಹೊರಟ,
ನಿನ್ನ ಅಮ್ಮ

ತಾ.ಕ. (ಮಂಗಳವಾರ ಬೆಳಿಗ್ಗೆ, ನಿನ್ನದೇ ಆಸ್ಪತ್ರೆಯ ಎರಡನೇ ಮಹಡಿಯ ಬೆಂಚು)

ಕಂಬದಿಂದ ಇದನ್ನು ನಾನೇ ಬಿಚ್ಚಿಕೊಂಡು ಬಂದೆ, ಬೇರೆ ಯಾರೂ ಓದಿಲ್ಲ. ಹರಿದುಹಾಕೋಣ ಎಂದು ಎರಡು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ.

ಕೆಳಗೆ ಸೇತುವೆಯ ತುದಿಯಲ್ಲಿ ಅವನ ಗಾಡಿ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಂತಿತ್ತು. ಕಂದು ತೇಪೆಯ ಸೀಟು. ಹೊಸದು ಹೊಲಿದುಕೊಡುತ್ತೇನೆ, ಗಾಡಿ ತಂದುಬಿಡು ಎಂದು ವರ್ಷದಿಂದ ಹೇಳುತ್ತಿದ್ದೆ, ತಂದಿರಲಿಲ್ಲ. ಗಾಡಿ ಇತ್ತು, ಅವನಿರಲಿಲ್ಲ. ಬಗ್ಗಿ ನೋಡಿದರೆ ಕಲ್ಲುಗಳ ನಡುವೆ ಹಳದಿ ಜಾಕೆಟ್ಟು. ಹೇಗೆ ಇಳಿದೆನೋ ಗೊತ್ತಿಲ್ಲ. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿ ಮೊದಲು ಆಡಿದ ಮಾತು, "ಸದ್ಯ, ನೀವು ಬಿದ್ದಿಲ್ಲ."

ಅವನು ದಾರಿ ತಪ್ಪಿದ್ದಲ್ಲ ಪುಟ್ಟಿ. ಕವಲಿನಲ್ಲಿ ನಾನೂ ಇಲ್ಲ, ನನ್ನ ಗಾಡಿಯೂ ಇಲ್ಲ. ಅತ್ತೆ ಗೊತ್ತಿಲ್ಲದೆ ಎಡಕ್ಕೆ ಹೋಗಿಬಿಟ್ಟರು ಎಂದು ಹೆದರಿ ನನ್ನನ್ನು ಹುಡುಕಿಕೊಂಡು ಇಳಿದಿದ್ದಾನೆ. ನಾನು ಕೆಳಗೆ ಬಿದ್ದಿದ್ದೇನೋ ಎಂದು ಬಗ್ಗಿ ನೋಡುವಾಗ ಅವನು ನಿಂತ ಅಂಚೇ ಕುಸಿಯಿತು. ನಾನು ಮೇಲೆ ಹತ್ತಿ, ಗಾಡಿಯಲ್ಲಿ ಊಟದ ಜಾಗಕ್ಕೆ ಹೋಗಿ ಉಳಿದವರನ್ನು ಕರೆತಂದೆ, ಎಲ್ಲರೂ ಸೇರಿ ಅವನನ್ನು ಎತ್ತಿದರು.

ನಿಮಗೆಲ್ಲ ಅವನು ಹೇಳಿದ್ದು ಬೇರೆ. "ತಡ ಆಯ್ತು ಅಂತ ಕವಲಿಗಿಂತ ಮೊದ್ಲೇ ಅಡ್ಡದಾರಿ ಹಿಡಿದೆ, ಅದು ಸೇತುವೆ ಹತ್ರ ತಂದು ಹಾಕ್ತು. ಅತ್ತೆ ಪಾಪ ಬಿಸಿಲಲ್ಲಿ ಕಾಯ್ತಾನೇ ಇದ್ರು" ಅಂದ. ಬಾಣ ಬರೆದವನೇ ದಾರಿ ತಪ್ಪಿದ ಎಂದು ಎಲ್ಲರೂ ತಮಾಷೆ ಮಾಡಿದರು, ಅವನೂ ನಕ್ಕ. ಎರಡು ಗಂಟೆ ಕದಲದೆ ನಿಂತವಳೆಂದು ಗೇಟಿನಲ್ಲಿ ನನಗೆ ಚಪ್ಪಾಳೆ ಹೊಡೆದರು. ನೀನು ಎರಡು ವರ್ಷದ ಮೇಲೆ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆಮೇಲೆ ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದವನಿಗೆ, ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಬರಬಾರದಿತ್ತಾ, ಅಮ್ಮ ಹೇಳಿದ್ದೇ ಸರಿ ಎಂದೆ. ನಾನು ಪಕ್ಕದಲ್ಲೇ ಇದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಅವನು ನನ್ನ ಕಡೆ ನೋಡಿ ಸುಮ್ಮನಿರಿ ಎನ್ನುವ ಹಾಗೆ ಕಣ್ಣು ಮಿಟುಕಿಸಿದ.

ಅವತ್ತು ಅವನು ಹೊತ್ತಿಗೆ ಸರಿಯಾಗಿಯೇ ಬಂದಿದ್ದ. ಬೇಕರಿಯವನು ಹೋದ ಐದು ನಿಮಿಷಕ್ಕೆ. ಅವನನ್ನು ಬೈಯಬೇಡ.

ಇದನ್ನು ನಿನ್ನ ಊಟದ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಓದಿದ ಮೇಲೆ ನೀನು ಮತ್ತೆ ನನ್ನನ್ನು ತಬ್ಬಿಕೊಳ್ಳುತ್ತೀಯೋ ಇಲ್ಲವೋ, ನನಗೆ ಆ ಹಳ್ಳಕ್ಕಿಂತ ಈ ಡಬ್ಬಿಯದೇ ಹೆದರಿಕೆ. ಆದರೂ ಇನ್ನೊಂದು ಮಾತು ಉಳಿದಿದೆ, ಅದನ್ನು ಅವನಿಗೂ ಹೇಳಿಲ್ಲ. ಬಂದದ್ದು ಯಾರೆಂದು ಗೊತ್ತಾಗಲಿಲ್ಲ ಎಂದು ಬರೆದೆನಲ್ಲ, ಅದೂ ಸುಳ್ಳು. ಅವನು ಕವಲಿನಲ್ಲಿ ಗಾಡಿ ನಿಲ್ಲಿಸಿ "ಅತ್ತೇ, ಅತ್ತೇ" ಎಂದು ಎರಡು ಸಲ ಕರೆದ. ಕೂತ ಸ್ಥಿತಿಯಲ್ಲಿ ಅಳಿಯನಿಗೆ ಹೇಗೆ ಓಗೊಡುವುದು ಎಂದು ನಾಚಿಕೆಯಾಗಿ, ಬಂಡೆಯ ಹಿಂದೆ ಉಸಿರು ಬಿಗಿಹಿಡಿದುಕೊಂಡು ಸುಮ್ಮನಿದ್ದೆ. ತನ್ನ ಕೂಗು ಗಾಳಿಯಲ್ಲಿ ಹೋಯಿತು ಎಂದು ಅವನು ಇವತ್ತಿಗೂ ಅಂದುಕೊಂಡಿದ್ದಾನೆ.

ನನಗೆ ಕೇಳಿಸಿತ್ತು, ಪುಟ್ಟಿ.