ಗೂಟದಲ್ಲಿ ಉಳಿದ ಹಗ್ಗಗಳು

ಭಾವ,

ಕಾಗದ ಬಂದರೆ ನೀವು ಮೊದಲು ಕೊನೆಯ ಸಾಲು ನೋಡುತ್ತಿದ್ದಿರಿ. "ಸಾವೋ ನೋವೋ ಇದ್ರೆ ಅಲ್ಲೇ ಇರ್ತದೆ ಕಣಯ್ಯ, ಮೇಲಿರೋದೆಲ್ಲ ಕ್ಷೇಮ ಸಮಾಚಾರ" ಎನ್ನುತ್ತಿದ್ದಿರಿ. ಇದೊಂದನ್ನು ಮೇಲಿಂದ ಓದಿ. ಅಕ್ಕ ಚೆನ್ನಾಗಿದ್ದಾಳೆ. ನಿಮ್ಮ ಮಗಳು ಸುಧಾ ಡೇರಿಯಲ್ಲಿ ಹಾಲು ಅಳೆಯುವ ಕೆಲಸವನ್ನು ಇನ್ನೂ ಮಾಡುತ್ತಿದ್ದಾಳೆ, ಅಳೆಯಲು ಬರುವ ಹಾಲು ಕಡಿಮೆಯಾಗಿದೆ, ಅಷ್ಟೆ. ಅವರ ಸುದ್ದಿ ಕೊನೆಯಲ್ಲಿದೆ. ಅದಕ್ಕೆ ಮೊದಲು ನನ್ನದಿದೆ. ನೀವು ಊರಿಗೆ ತಂದ ದನದ ಆಸ್ಪತ್ರೆ ಮುಚ್ಚಿತು. ಮುಚ್ಚಿದ್ದು ನಾನು ಬರೆದ ಒಂದು ಸಂಖ್ಯೆಯಿಂದ.

ಅರಸೀಕೆರೆಯ ಕಚೇರಿಯಲ್ಲಿ ನನಗೆ ಅಂಕಿಅಂಶದ ಗುಮಾಸ್ತಿಕೆ ಸಿಕ್ಕಿದ ಹೊಸತರಲ್ಲಿ ನೀವು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜಾವಗಲ್ಲಿನಿಂದ ಹಳೇಬೀಡಿನ ಕಡೆಗೆ ಹೊರಟಿರಿ. ಹೆಂಡತಿಯ ತಮ್ಮ ದನ ಎಣಿಸುವುದನ್ನಾದರೂ ಕಲಿಯಲಿ ಎಂದು. ಮೊದಲ ಮನೆಯಲ್ಲೇ ನಾನು ಪುಸ್ತಕ ಬಿಚ್ಚಿ "ಎಷ್ಟು ದನ ಇವೆ?" ಎಂದು ಕೇಳಿಬಿಟ್ಟೆ. ಮನೆಯಾಕೆಯ ಮುಖ ಗಂಟಾಯಿತು. "ಅವೆ ಕಣಪ್ಪ, ದೇವ್ರು ಕೊಟ್ಟಷ್ಟು" ಎಂದು ಒಳಗೆ ಹೋದಳು. ಬೀದಿಗೆ ಬಂದ ಮೇಲೆ ನೀವು ಸ್ಕೂಟರಿಗೆ ಒರಗಿ ನಕ್ಕಿರಿ. "ಬಾಯಲ್ಲಿ ಎಣಿಸಿದ್ರೆ ಒಂದು ಕಮ್ಮಿ ಆಯ್ತದೆ ಅಂತ ಅವರ ಹೆದರಿಕೆ. ಎಷ್ಟಿವೆ ಅಂತ ಯಾರನ್ನೂ ಕೇಳಬ್ಯಾಡ. ಕುಡಿಯಾಕೆ ನೀರು ಕೇಳು. ನೀರಿಗೆ ಅಂತ ಒಳಗೆ ಹೋಯ್ತಾರಲ್ಲ, ಅಷ್ಟರಲ್ಲಿ ಕೊಟ್ಟಿಗೆಗೆ ಕಣ್ಣು ಹಾಕು. ದನ ಮೇಯಾಕೆ ಹೋಗಿರ್ತವೆ, ಕಟ್ಟೋ ಹಗ್ಗ ಗೂಟದಲ್ಲೇ ಇರ್ತವೆ. ಹಗ್ಗ ಎಣಿಸು."

ಆ ದಿನ ಎಷ್ಟು ಮನೆಯ ನೀರು ಕುಡಿದೆನೋ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತುಂಬಿ ಊಟ ಸೇರಲಿಲ್ಲ. ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ನೀವು ಬುತ್ತಿ ಬಿಚ್ಚಿದಿರಿ. ಸುತ್ತ ಇರುವ ಪುಟ್ಟ ಗುಡಿಗಳನ್ನು ಎಣಿಸು ಎಂದಿರಿ. ನನಗೊಂದು ಲೆಕ್ಕ ಬಂತು, ನಿಮಗೊಂದು. ಮತ್ತೆ ಎಣಿಸಿದೆವು, ಎರಡೂ ಬೇರೆಯಾದವು. "ಎರಡನ್ನೂ ಬರ್ಕೊಂಡು ನಡುವಿಂದು ಹಾಕ್ಬಿಡು, ಸರ್ಕಾರಕ್ಕೆ ಅದೇ ಸರಿ" ಎಂದು ಉಪ್ಪಿನಕಾಯಿ ಚೀಪಿದಿರಿ. ಅದು ತಮಾಷೆಯೋ ಪಾಠವೋ ಎಂದು ನಾನು ಆಗಲೂ ಕೇಳಲಿಲ್ಲ, ಆಮೇಲೂ…

ಆಸ್ಪತ್ರೆ ಎಂದರೆ ಒಂದು ಕೋಣೆ, ಒಂದು ಔಷಧದ ಬೀರು, ಹೊರಗೆ ಹೊಂಗೆಮರದ ಕೆಳಗೆ ದನವನ್ನು ಅಲುಗದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅವರ ಸಹಾಯಕರಾದ ನೀವೇ. ಡಾಕ್ಟರಲ್ಲ ಎಂದು ನೀವು ಎಷ್ಟು ಸಲ ಹೇಳಿದರೂ ಊರವರು ನಿಮ್ಮನ್ನು "ಡಾಕ್ಟ್ರೇ" ಎಂದೇ ಕರೆದರು. ಇಷ್ಟು ದನ ಇದ್ದರೆ ಆಸ್ಪತ್ರೆ, ಇಲ್ಲದಿದ್ದರೆ ಇಲ್ಲ ಎಂಬ ನಿಯಮ ಮೊದಲಿನಿಂದ ಇತ್ತು. ಪ್ರತಿ ವರ್ಷ ನಮ್ಮ ಕಚೇರಿಗೆ ನಿಮ್ಮ ವರದಿ ಬರುತ್ತಿತ್ತು, ನೀಲಿ ಶಾಯಿಯಲ್ಲಿ, ಸೊನ್ನೆಗಳನ್ನು ಮೊಟ್ಟೆಯಂತೆ ಉದ್ದಕ್ಕೆ ಬರೆಯುವ ನಿಮ್ಮ ಕೈಯಲ್ಲಿ. ನೀವು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದು ನೆಲೆಯಾಗಿ ನಿಲ್ಲಲಿಲ್ಲ. ಬಂದವರು ನಿಮ್ಮ ಸಂಖ್ಯೆಯನ್ನೇ ಹಿಂದುಮುಂದು ಮಾಡಿ ಕಳಿಸಿದರು. ನೀವು ತೀರಿಹೋದ ಮೇಲೂ ನಿಮ್ಮ ಸಂಖ್ಯೆ ಬರುತ್ತಲೇ ಇತ್ತು.

ನನ್ನ ಕೆಲಸ ಏನೆಂದು ನೀವು ಒಮ್ಮೆ ಜಾವಗಲ್ಲಿನ ಹೋಟೆಲಿನಲ್ಲಿ ಕೇಳಿದ್ದಿರಿ. ನಾನು ದೊಡ್ಡದಾಗಿ ವಿವರಿಸಿದೆ: ಹೊಲದಲ್ಲಿ ಒಂದು ಚೌಕ ಅಳೆದು ಅದರೊಳಗಿನ ರಾಗಿ ಕೊಯ್ದು ತೂಗುವುದು, ಮಾರುಕಟ್ಟೆಗೆ ಹೋಗಿ ಕೊಬ್ಬರಿಯ ದರ ಬರೆದುಕೊಳ್ಳುವುದು, ಎಲ್ಲವನ್ನೂ ಮೇಲಕ್ಕೆ ಕಳಿಸುವುದು, ವರ್ಷದ ಕೊನೆಗೆ ರಾಜ್ಯದ ಪುಸ್ತಕದಲ್ಲಿ ಅದು ಎಲ್ಲೋ ಒಂದು ಕಡೆ ಕರಗಿಹೋಗುವುದು. ನೀವು ದೋಸೆ ಮುಗಿಸಿ ಕೈ ತೊಳೆದು ಬಂದು, "ಅಂದ್ರೆ ಹೋದ ವರ್ಷಕ್ಕಿಂತ ಜಾಸ್ತಿನೋ ಕಮ್ಮಿನೋ ಅಂತ ಹೇಳೋದು" ಎಂದಿರಿ. ಹೌದು, ಅಷ್ಟೆ. ಆ ಎರಡು ಪದಗಳ ನಡುವೆ ನನ್ನ ಕೂದಲು ನೆರೆತಿದೆ. ಈ ವರ್ಷ ಕೊಬ್ಬರಿಯ ಬೆಲೆ ಜಾಸ್ತಿ, ಮರದಲ್ಲಿ ಕಾಯಿ ಕಮ್ಮಿ. ರಾಗಿಯ ಬೆಲೆ ಪರವಾಗಿಲ್ಲ, ರಾಗಿ ಹುಲ್ಲು ಇಲ್ಲ. ಒಂದು ಸಾಲು ಏರಿದರೆ ಅದರ ಪಕ್ಕದ್ದು ಇಳಿದಿರುತ್ತದೆ. ಇಷ್ಟು ವರ್ಷದಲ್ಲಿ ಎರಡೂ ಒಟ್ಟಿಗೆ ಏರಿದ್ದನ್ನು ನಾನು ನೋಡಿದ್ದೇನೆಯೇ? ನೆನಪಾಗುತ್ತಿಲ್ಲ. ದನಗಳ ಸಾಲಂತೂ ಸುತ್ತಲಿನ ಹಳ್ಳಿಗಳಲ್ಲೆಲ್ಲ ವರ್ಷ ವರ್ಷ ಇಳಿಯುತ್ತಿತ್ತು. ನಿಮ್ಮ ಊರಿನದು ಮಾತ್ರ ಇಳಿಯಲಿಲ್ಲ. ಅದು ಆಸ್ಪತ್ರೆಯಿಂದ ಎಂದುಕೊಂಡಿದ್ದೆ. ನಿಮ್ಮಿಂದ ಎಂದುಕೊಂಡಿದ್ದೆ. ಬೇರೆ ತಾಲ್ಲೂಕಿನವರಿಗೂ ಹೇಳಿದ್ದೇನೆ.

ಈ ಸಲದ ಎಣಿಕೆಗೆ ಆರಿಸಿದ ಹಳ್ಳಿಗಳ ಪಟ್ಟಿಯಲ್ಲಿ ನಿಮ್ಮ ಊರು ಇತ್ತು. ಜನ ಸಾಲದೆ ನನ್ನನ್ನೇ ಕಳಿಸಿದರು. ನಿಮ್ಮ ಕೊಟ್ಟಿಗೆಯ ಎದುರುಮನೆ ತಿಮ್ಮಣ್ಣನಲ್ಲಿಂದಲೇ ಶುರು ಮಾಡಿದೆ. ಅಭ್ಯಾಸ ಬಿಡುತ್ತದೆಯೇ? ನೀರು ಕೇಳಿದೆ. ಅವನು ಒಳಗೆ ಹೋದ. ಕೊಟ್ಟಿಗೆಗೆ ಕಣ್ಣು ಹಾಕಿದೆ. ಐದು ಗೂಟ, ಐದು ಹಗ್ಗ. ಬರೆದುಕೊಳ್ಳಲು ಹೋದವನಿಗೆ ನೆಲ ಕಂಡಿತು. ಒಣಗಿತ್ತು. ಗೋದಲಿಯೊಳಗೆ ತೆಂಗಿನ ಗರಿ ಒಟ್ಟಿದ್ದರು. ಹಗ್ಗದಿಂದ ಹಗ್ಗಕ್ಕೆ ಜೇಡ ಬಲೆ ಕಟ್ಟಿತ್ತು.

"ದನ ಮೇಯಕ್ಕೆ ಹೋಗಿವೆಯಾ ತಿಮ್ಮಣ್ಣ?"

"ಹೂಂ ಹೋಗವೆ. ಎಲ್ಡು ವರ್ಷ ಆಯ್ತು, ಇನ್ನೂ ಬಂದಿಲ್ಲ." ಚೊಂಬು ನನ್ನ ಕೈಗೆ ಕೊಟ್ಟು ಅವನು ನಕ್ಕ. "ಏನ್ ಸ್ವಾಮಿ, ಡಾಕ್ಟ್ರ ಭಾಮೈದ ಆಗಿ ಗೊತ್ತಿಲ್ವಾ? ದನ ಮಾರುವಾಗ ಹಗ್ಗ ಕೊಡ್ತಾರಾ ಯಾರಾದ್ರೂ? ಹಗ್ಗ ಹೋದ್ರೆ ಕೊಟ್ಟಿಗೆ ಲಕ್ಷ್ಮೀನೂ ಅದ್ರ ಹಿಂದೇನೇ ಹೋಯ್ತಾಳೆ. ತಗೊಳ್ಳೋನು ಅವನ ಹಗ್ಗ ತತ್ತಾನೆ. ನಮ್ದು ನಾವು ಬಿಚ್ಕೊಂಡು ಗೂಟಕ್ಕೇ ಹಾಕ್ತೀವಿ."

"ಮತ್ತೆ ಯಾಕೆ ಮಾರಿದೆ?"

"ಹುಲ್ಲೆಲ್ಲೈತೆ? ರಾಗಿ ಕೊಯ್ಯಾಕೆ ಮಿಷನ್ ಬತ್ತದೆ. ತೆನೆ ನುಂಗ್ಕೊಂಡು ಹುಲ್ಲನ್ನ ತುಳಿದಾಕಿ ಹೋಯ್ತದೆ. ಅರ್ಧ ಹೊಲಕ್ಕೆ ತೆಂಗು ಇಟ್ಟಿವ್ನಿ. ತೆಂಗಿನ ಗರಿ ತಿನ್ನೋ ಹಸು ಏನಾರ ಕಂಡು ಹಿಡಿದಿದ್ರೆ ಹೇಳಿ, ನಾಳೆನೇ ತತ್ತೀನಿ."

ಆ ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ನಾನು ನೀರು ಕೇಳುವುದನ್ನು ಬಿಟ್ಟಿದ್ದೆ. ಮನೆ ಮನೆಯಲ್ಲೂ ಹಗ್ಗ. ಸೆಣಬಿನದು, ಕತ್ತಾಳೆಯದು, ನೈಲಾನಿನದು. ಕೆಲವು ಕಡೆ ಹಗ್ಗಕ್ಕೆ ಗೆಜ್ಜೆ ಕಟ್ಟಿಟ್ಟಿದ್ದರು. ಇಷ್ಟು ವರ್ಷ ನಾವು ಎಣಿಸಿದ್ದು ಇದನ್ನೇ ಅಲ್ಲವೇ ಭಾವ? ನಾನು ಕೋಷ್ಟಕಗಳಲ್ಲಿ ಕೂಡಿಸಿದ್ದು, ಮೇಲಿನವರು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು… ನಾನು ಪೇಟೆಯಲ್ಲಿ ಓದಿದವನು, ನನಗೆ ಹಗ್ಗದ ಪದ್ಧತಿ ತಿಳಿಯದಿರಬಹುದು. ಈ ಮಣ್ಣಿನಲ್ಲೇ ಹುಟ್ಟಿದ ನಿಮಗೆ?

ಸಂಜೆ ಅಕ್ಕನನ್ನು ಕೇಳಿದೆ. ಅವಳು ಹಿತ್ತಿಲಲ್ಲಿ ಗೌರಿಗೆ ಬೂಸ ಕಲಸುತ್ತಿದ್ದಳು. ನೀವು ಕೊನೆಗೆ ತಂದ ಕರು ಅದು, ಈಗ ತುಂಬು ಗಬ್ಬ. ಅದರ ಪಕ್ಕದ ಮೂರು ಗೂಟಗಳಲ್ಲೂ ಹಗ್ಗ ತೂಗುತ್ತಿದ್ದವು. "ಭಾವಂಗೆ ಗೊತ್ತಿತ್ತಾ?" ಎಂದೆ.

"ಯಾವ ಮನೆ ಹಸು ಯಾವ ತಿಂಗಳು ಈಯ್ತದೆ ಅಂತ ಗೊತ್ತಿದ್ದೋರಿಗೆ ಇದು ಗೊತ್ತಿರಲಿಲ್ವೇನೋ, ಬೆಪ್ಪೆ?" ಅಕ್ಕ ಕೈ ಕೊಡವಿಕೊಂಡಳು. "ಆಗ ಖಾಲಿ ಹಗ್ಗ ಅಂದ್ರೆ ಒಂದು ಸುಗ್ಗಿ ಮಟ್ಟಿಗೆ ಕಣೋ. ರಾಗಿ ಕೈಗೆ ಬಂದ್ರೆ, ಕೊಬ್ಬರಿಗೆ ರೇಟ್ ಕುದುರಿದ್ರೆ, ಒಂದು ಕರ ತಂದೇ ತರೋರು. ಹಗ್ಗ ಇದ್ರೆ ಹಸು ಬತ್ತದೆ ಅನ್ನೋರು ನಿಮ್ಮ ಭಾವ. ಬರೋದನ್ನೂ ಸೇರಿಸ್ಕೊಂಡು ಎಣಿಸೋರು."

ನೀವು ತಪ್ಪು ಎಣಿಸಲಿಲ್ಲ ಎಂದು ಅಂದುಕೊಳ್ಳುತ್ತೇನೆ. ನಿಮ್ಮ ಕಾಲಕ್ಕೆ ಅದು ಸರಿಯೇ ಇತ್ತು. ಬರಬೇಕಾದದ್ದು ಬರುವುದು ಯಾವ ವರ್ಷ ನಿಂತಿತು? ನಿಮಗದು ತಿಳಿದಿತ್ತೇ, ತಿಳಿದೂ ಆ ಉದ್ದನೆಯ ಸೊನ್ನೆಗಳನ್ನು ಬರೆಯುತ್ತಾ ಹೋದಿರೇ? ಕೊನೆಯ ವರ್ಷ ಆಸ್ಪತ್ರೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಿರಿ. ಬಂದು ಹೋಗುವ ಬಸ್ಸು ನೋಡುತ್ತಿದ್ದೀರಿ ಎಂದುಕೊಂಡಿದ್ದೆ.

ಆ ಸಂಜೆ ನಿಮ್ಮ ಜಗಲಿಯಲ್ಲಿ ಕೂತು ನಾನು ಎಣಿಕೆಯನ್ನು ಮೊಬೈಲಿಗೆ ತುಂಬಿದೆ. ಈಗ ಪ್ರತಿ ದನದ ಕಿವಿಯಲ್ಲೂ ಹಳದಿ ಬಿಲ್ಲೆ ಇರುತ್ತದೆ, ಅದರ ನಂಬರು ಹಾಕಬೇಕು. ಬಿಲ್ಲೆ ಇಲ್ಲದ ದನಗಳಿಗೆಂದು ಒಂದು ಖಾನೆ ಖಾಲಿ ಬಿಟ್ಟಿದ್ದಾರೆ. ಅಲ್ಲಿ ಹಗ್ಗಗಳನ್ನೆಲ್ಲ ಬರೆದುಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಬೆರಳು ಅದರ ಮೇಲೇ ಇತ್ತು. ಅಕ್ಕ ಕಾಫಿ ತಂದಿಟ್ಟು, "ಆಸ್ಪತ್ರೆಗೇನೂ ತೊಂದ್ರೆ ಇಲ್ಲ ತಾನೇ?" ಎಂದಳು. "ನೋಡೋಣ" ಎಂದೆ. ನಾನು ದನಗಳನ್ನಷ್ಟೇ ಬರೆದೆ. ಸತ್ಯಕ್ಕಾಗಿ ಎಂದು ಹೇಳಿಕೊಳ್ಳಲು ನಾಲಗೆ ಏಳುವುದಿಲ್ಲ. ಇಷ್ಟು ವರ್ಷ ನನಗೆ ಮೋಸ ಮಾಡಿದ ನಿಮ್ಮ ಮೇಲೆ ಸಿಟ್ಟಿತ್ತೇನೋ. ಅಥವಾ ಒಂದೇ ಒಂದು ಸಲ ಸರಿಯಾದ ಸಂಖ್ಯೆಯನ್ನು ಬರೆದು ನೋಡುವ ಚಪಲ. ಒತ್ತಿದೆ. ಸೇವ್ ಆಯಿತು.

ಮುಂದಿನದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಜಾವಗಲ್ಲಿನ ಆಸ್ಪತ್ರೆಯ ಜೊತೆಗೆ ಸೇರಿಸಲಾಗಿದೆ ಎಂಬ ಆದೇಶ ಬಂತು. ಒಂದು ಬೆಳಿಗ್ಗೆ ಗೂಡ್ಸ್ ಆಟೋ ಬಂದು ಔಷಧದ ಬೀರು ಹೊತ್ತುಕೊಂಡು ಹೋಯಿತು. ಚೌಕಟ್ಟನ್ನು ಕೀಳಲಾಗಲಿಲ್ಲ. ಕಾಲುಗಳನ್ನು ನೀವು ಅಷ್ಟು ಆಳಕ್ಕೆ ಕಾಂಕ್ರೀಟು ಹಾಕಿಸಿ ನೆಡಿಸಿದ್ದಿರಂತೆ. ಈಗ ಅದರ ಮೇಲೆ ತಿಮ್ಮಣ್ಣನ ಮನೆಯವರು ಕಂಬಳಿ ಒಣಗಿಸುತ್ತಾರೆ. "ಲೆಕ್ಕ ಕೊಟ್ಟೋರು ಯಾರೋ ಪುಣ್ಯಾತ್ಮರು" ಎಂದು ಅವನು ನನ್ನ ಎದುರಿಗೇ ಅಂದ. ಗೊತ್ತಿದ್ದೇ ಅಂದ.

ಗೌರಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಕರು ಅಡ್ಡ ತಿರುಗಿತ್ತು. ಸುಧಾ ಜಾವಗಲ್ಲಿಗೆ ಫೋನು ಮಾಡಿದಳು. ಡಾಕ್ಟರು ಇನ್ನೊಂದು ದಿಕ್ಕಿನ ಹಳ್ಳಿಗೆ ಹೋಗಿದ್ದರು, ಬರುತ್ತೇನೆ ಎಂದರು, ಬಂದರು ಕೂಡ. ಅವರ ತಪ್ಪಿಲ್ಲ. ಬಿಸಿಲು ಇಳಿದಿತ್ತು ಆಗ. ನೀವು ಇಂಥ ಎಷ್ಟು ಕರುಗಳನ್ನು ಮೊಣಕೈವರೆಗೆ ಕೈ ಹಾಕಿ ತಿರುಗಿಸಿ ಎಳೆದಿದ್ದೀರೋ. ಹೆಣ್ಣು ಕರು, ಭಾವ. ಹಣೆಯಲ್ಲಿ ಬಿಳಿ ಇತ್ತಂತೆ. ಗೌರಿ ಮಾತ್ರ ಉಳಿಯಿತು, ಆದರೆ ಹಾಲು ಇಳಿಸಲಿಲ್ಲ, ಮೇವಿಗೆ ಬಾಯಿ ಹಾಕಲಿಲ್ಲ. ಅಕ್ಕ ಫೋನಿನಲ್ಲಿ ಎಂದಿನಂತೆ "ಊಟ ಆಯ್ತಾ?" ಎಂದೇ ಕೇಳಿದಳು. ಬೈದಿದ್ದರೆ…

ಹೋದ ವಾರ ಅರೇಹಳ್ಳಿ ಕಡೆಯವನೊಬ್ಬ ಗೌರಿಯನ್ನು ನೋಡಲು ಬಂದ. ತೋಟಕ್ಕೆ ಗೊಬ್ಬರಕ್ಕಾಗಿ ಸಾಕುತ್ತೇನೆ ಎಂದ. ಅಕ್ಕ ನಂಬಿದಳು, ಅಥವಾ ನಂಬಲು ತೀರ್ಮಾನಿಸಿದಳು. ನಾನು ಅಲ್ಲೇ ಇದ್ದೆ. ಅವನು ತನ್ನ ಹೊಸ ನೀಲಿ ಹಗ್ಗವನ್ನು ಗೌರಿಯ ಕೊರಳಿಗೆ ಹಾಕಿ ಅದನ್ನು ಗಾಡಿಗೆ ಹತ್ತಿಸಿದ, ಬಿಚ್ಚಿದ ಹಳೆಯ ಹಗ್ಗವನ್ನು ಮರ್ಯಾದೆಯಿಂದ ಅಕ್ಕನ ಕಡೆ ಹಿಡಿದ. ಅಕ್ಕ ತೆಗೆದುಕೊಳ್ಳಲಿಲ್ಲ. ಕೊಟ್ಟಿಗೆಗೆ ಹೋಗಿ ಉಳಿದ ಮೂರನ್ನೂ ಗೂಟದಿಂದ ತೆಗೆದಳು, ಸುತ್ತಿ ಕಟ್ಟಿದಳು, ಗಾಡಿಯೊಳಗೆ ಗೌರಿಯ ಕಾಲ ಬಳಿ ಇಟ್ಟಳು.

"ಅಯ್ಯೋ, ಹಗ್ಗ ಕೊಡಬಾರದು ಕಣಮ್ಮಾ," ಅವನು ಗಾಬರಿಯಾದ. "ಇಟ್ಕಳಿ. ಮುಂದಕ್ಕೆ ಬೇಕಾಯ್ತದೆ."

"ತಗೊಂಡೋಗಪ್ಪ," ಎಂದಳು ಅಕ್ಕ. "ಇಲ್ಲಿದ್ರೆ ಯಾರಾದ್ರೂ ಎಣಿಸ್ತಾರೆ."

ಅವಳು ನನ್ನ ಕಡೆ ನೋಡಲಿಲ್ಲ.

ಇದೇ ಭಾವ, ಮೇಲಿಂದ ಓದಿ ಎಂದು ನಾನು ಕೇಳಿಕೊಂಡದ್ದು. ಮುಂದಿನ ವರ್ಷದ ಎಣಿಕೆಗೂ ಬರುತ್ತೇನೆ. ಯಾರ ಮನೆಯಲ್ಲೂ ನೀರು ಕೇಳುವುದಿಲ್ಲ, ಕೊಟ್ಟಿಗೆಗೆ ಕಳ್ಳಗಣ್ಣು ಹಾಕುವುದಿಲ್ಲ. ನಿಮ್ಮ ಬಾಗಿಲಲ್ಲಿ ನಿಂತು, ಮೊದಲ ದಿನ ಕೇಳಿದಂತೆಯೇ, ಎಷ್ಟಿವೆ ಎಂದು ಅಕ್ಕನನ್ನು ಬಾಯಿಬಿಟ್ಟು ಕೇಳುತ್ತೇನೆ. ಕಮ್ಮಿಯಾಗಲು ಅಲ್ಲಿ ಇನ್ನೇನೂ ಇಲ್ಲ.

ನಿಮ್ಮ ಭಾಮೈದ